ಗೆದ್ದದ್ದನ್ನು ಊರಿಗೆ ಒಪ್ಪಿಸುವುದು

ಸೂಡಿಗೆ ಸ್ವಾತಂತ್ರ್ಯ ಬಂದ ದಿನ ಯಲಬುರ್ಗಿಗೆ ಬರಲಿಲ್ಲ. 1947ರ ಆಗಸ್ಟ್ 15ರಂದು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ, ರೋಣ ತಾಲ್ಲೂಕಿಗೆ ಸೇರಿದ್ದ ಈ ಊರು ಸ್ವತಂತ್ರ ಭಾರತದ ಊರಾಯಿತು. ಗಜೇಂದ್ರಗಡದ ಗುಡ್ಡ ದಾಟಿ ಮೂಡಣಕ್ಕೆ ಹೋದರೆ ಹೈದರಾಬಾದಿನ ನಿಜಾಮನ ಸೀಮೆ. ಯಲಬುರ್ಗಿ, ಕುಷ್ಟಗಿ, ಕೊಪ್ಪಳ ಎಲ್ಲವೂ ಆ ಕಡೆ. ಗಡಿಯ ಎರಡೂ ಬದಿಗೆ ಅದೇ ಎರೆಹೊಲ, ಅದೇ ಬಿಳಿಜೋಳ, ಅದೇ ಮಾತು. ಈ ಕಡೆಯ ಮನೆಮಗಳು ಆ ಕಡೆಯ ಸೊಸೆ. ಆದರೂ ಈಚೆ ತ್ರಿವರ್ಣ ಧ್ವಜ ಏರಿಸಿದರೆ ಹಬ್ಬ, ಆಚೆ ಏರಿಸಿದರೆ ಸೆರೆಮನೆ. ಒಂದೇ ಬಳಗದವರಿಗೆ ಬಿಡುಗಡೆ ಎರಡು ಕಂತಿನಲ್ಲಿ ಬಂತು. ಎರಡನೆಯ ಕಂತಿಗೆ ಇನ್ನೂ ಹದಿಮೂರು ತಿಂಗಳು ಕಾಯಬೇಕಾಯಿತು. ಅದನ್ನು ತಂದುಕೊಟ್ಟವರಲ್ಲಿ ಗಡಿಯ ಶಿಬಿರಗಳ ಹುಡುಗರಿದ್ದರು, ಭಾರತದ ಸೇನೆಯೂ ಇತ್ತು.

ಸ್ವಾತಂತ್ರ್ಯದ ನೆನಪು ಮತ್ತು ಸೇನೆಯ ಕರ್ತವ್ಯ ಎಂಬ ಎರಡು ಮಾತನ್ನು ಒಟ್ಟಿಗೆ ಆಡಲು ಸೂಡಿಗಿಂತ ತಕ್ಕ ಜಾಗ ನನಗೆ ತೋಚುವುದಿಲ್ಲ. ಅದಕ್ಕೆ ಗಡಿ ಒಂದೇ ಕಾರಣವಲ್ಲ. ಯುದ್ಧ ಮುಗಿದ ಮೇಲೆ ಕತ್ತಿ ಹಿಡಿದವರು ಏನು ಮಾಡಬೇಕು ಎಂಬುದಕ್ಕೆ ಈ ಊರಿನ ಕಲ್ಲಿನಲ್ಲಿ ಸುಮಾರು ಸಾವಿರ ವರ್ಷದ ಹಿಂದೆಯೇ ಒಂದು ಉತ್ತರ ಕೊರೆದಿದೆ. ಅಲ್ಲಿಗೆ ಹೋಗುವ ಮೊದಲು ಈ ಸೀಮೆಯ ಜನ ಸೇನೆಯನ್ನು ಯಾವ ಯಾವ ರೂಪದಲ್ಲಿ ಕಂಡಿದ್ದಾರೆ ಎಂಬುದನ್ನು ನೋಡಬೇಕು.

ಪರರ ಪಡೆ

1857–58ರಲ್ಲಿ ಇಲ್ಲಿಯವರಿಗೆ ದಂಡು ಎಂದರೆ ತಮ್ಮ ಮೇಲೆ ಬೀಳುವ ದಂಡು. ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯ್ದೆಗೆ ತಲೆಬಾಗದ ಹಲಗಲಿಯ ಬೇಡರ ಊರನ್ನು ಕಂಪನಿಯ ಪಡೆ ಸುಟ್ಟಿತು. ಮಕ್ಕಳಿಲ್ಲದ ನರಗುಂದದ ಬಾಬಾಸಾಹೇಬ, ಅಂದರೆ ಭಾಸ್ಕರರಾವ್ ಭಾವೆ, ದತ್ತು ತೆಗೆದುಕೊಳ್ಳಲು ಕೇಳಿದ ಅನುಮತಿ ಸಿಗದೆ ಬಂಡೆದ್ದ. 1858ರ ಮೇ 29ರಂದು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಜೂನ್ ಮೊದಲ ದಿನಗಳಲ್ಲೇ ಕರ್ನಲ್ ಮಾಲ್ಕಮ್‌ನ ಪಡೆ ನರಗುಂದದ ಗುಡ್ಡ ಹತ್ತಿತು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅದೇ ದಿನಗಳಲ್ಲಿ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತ ಮಡಿದ.

ಗೆದ್ದ ಆ ಪಡೆ ನರಗುಂದವನ್ನು ನರಗುಂದದವರಿಗೆ ಮರಳಿಸಲಿಲ್ಲ. ಸಂಸ್ಥಾನ ಮುಟ್ಟುಗೋಲಾಯಿತು. ಆ ಪಡೆಯಲ್ಲೂ ಈ ನೆಲದ ಸಿಪಾಯಿಗಳಿದ್ದರು, ಅವರಲ್ಲೂ ಕೆಚ್ಚಿತ್ತು, ಶಿಸ್ತಿತ್ತು. ಆದರೆ ಅವರ ಶಿಸ್ತು ಸಲ್ಲುತ್ತಿದ್ದುದು ಈ ಜನಕ್ಕೆ ಉತ್ತರ ಹೇಳಬೇಕಿಲ್ಲದ ಸರ್ಕಾರಕ್ಕೆ. ಪಡೆ ಯಾರ ಮಾತು ಕೇಳುತ್ತದೆ, ಗೆದ್ದದ್ದನ್ನು ಯಾರ ಕೈಗೆ ಕೊಡುತ್ತದೆ ಎಂಬುದರಿಂದಲೇ ಅದು ನಮ್ಮದೋ ಪರರದೋ ಎಂದು ಗೊತ್ತಾಗುತ್ತದೆ. 1948ರ ಫೆಬ್ರವರಿ 28ರಂದು ಬ್ರಿಟಿಷ್ ಸೇನೆಯ ಕೊನೆಯ ತುಕಡಿ ಮುಂಬೈಯ ಗೇಟ್‌ವೇ ಆಫ್ ಇಂಡಿಯಾದ ಕಮಾನಿನಡಿ ಹಾದು ಹಡಗು ಹತ್ತಿತು. ಆ ಹೊತ್ತಿಗೆ ಗಜೇಂದ್ರಗಡ, ಮುಂಡರಗಿಗಳಲ್ಲಿ ಬೇರೊಂದು ಸಿದ್ಧತೆ ನಡೆದಿತ್ತು.

ಗಡಿಯ ಶಿಬಿರಗಳು

ಸ್ವಾಮಿ ರಮಾನಂದ ತೀರ್ಥರ ನಾಯಕತ್ವದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್, ಸಂಸ್ಥಾನ ಭಾರತಕ್ಕೆ ಸೇರಬೇಕೆಂದು 1947ರ ಆಗಸ್ಟ್ 7ರಂದು ಚಳವಳಿಗೆ ಕರೆಕೊಟ್ಟಿತು. ಸೆರೆವಾಸ, ಲಾಠಿ, ಬೆನ್ನಟ್ಟುವಿಕೆ ಆರಂಭವಾದವು. ನವೆಂಬರ್ 29ರಂದು ಭಾರತ ಸರ್ಕಾರ ಮತ್ತು ನಿಜಾಮನ ನಡುವೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಕಾಗದದ ಮೇಲೆ ಯಥಾಸ್ಥಿತಿ ಇದ್ದಾಗಲೇ ಹಳ್ಳಿಗಳಲ್ಲಿ ಕಾಸಿಂ ರಜವಿಯ ಖಾಸಗಿ ಪಡೆಯಾದ ರಜಾಕಾರರ ಹಾವಳಿ ಏರುತ್ತ ಹೋಯಿತು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಕೊಲೆಗಳ ಸುದ್ದಿ ಇಡೀ ಕನ್ನಡ ಸೀಮೆಯನ್ನು ನಡುಗಿಸಿತು.

ಸಂಸ್ಥಾನದೊಳಗೆ ನಿಲ್ಲಲಾಗದ ಹೋರಾಟಗಾರರು ಗಡಿಯ ಈಚೆ ಬಂದು ಶಿಬಿರ ಹೂಡಿದರು. ಮುಂಡರಗಿ ಶಿಬಿರವನ್ನು ಅಳವಂಡಿಯ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡ ಶಿಬಿರವನ್ನು ಪುಂಡಲೀಕಪ್ಪ ಜ್ಞಾನಮೋಠೆಯವರು ಮುನ್ನಡೆಸಿದರು. ಶಿಬಿರ ಎಂದರೆ ಬರೀ ಬಂದೂಕಿನ ತಾಲೀಮಲ್ಲ. ಆಚೆಯಿಂದ ಮನೆಮಠ ಬಿಟ್ಟು ಬಂದವರಿಗೆ ನೆಲೆ ತೋರಿಸಬೇಕು, ಬಂದವರಿಗೆಲ್ಲ ರೊಟ್ಟಿ ಆಗಬೇಕು, ಗಡಿಯೊಳಗಿನ ಸುದ್ದಿ ತರಬೇಕು, ರಾತ್ರಿ ಗಡಿ ದಾಟಿ ಕರೋಡಗಿರಿ ನಾಕಾಗಳ, ಅಂದರೆ ಸುಂಕದ ಕಟ್ಟೆಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ಬೀಳಬೇಕು. ಶಾಲೆ ಕಾಲೇಜು ಬಿಟ್ಟು ಬಂದ ಹುಡುಗರಿಗೆ ಸಂಬಳವಿರಲಿಲ್ಲ, ಸಮವಸ್ತ್ರವಿರಲಿಲ್ಲ, ಸತ್ತರೆ ಹೆಸರು ದಾಖಲಾಗುವ ಭರವಸೆಯೂ ಇರಲಿಲ್ಲ. ಈಚೆ ಸೀಮೆಯ ಮನೆಗಳ ಆಸರೆ ಇಲ್ಲದೆ ಇಂಥ ಶಿಬಿರ ಒಂದು ವಾರವೂ ನಡೆಯಲಾರದು. ಕರ್ನಾಟಕದ ಸ್ವಾತಂತ್ರ್ಯ ಚರಿತ್ರೆಯಲ್ಲಿ ಶಿಬಿರದ ನಾಯಕರ ಹೆಸರುಗಳಿವೆ. ಆ ಅಡುಗೆ ಮನೆಗಳ ಲೆಕ್ಕ ಬರೆದಿಟ್ಟವರು ಕಡಿಮೆ.

ಐದು ದಿನ

1948ರ ಸೆಪ್ಟೆಂಬರ್ 13ರ ನಸುಕಿನಲ್ಲಿ ಭಾರತದ ಸೇನೆ ಸಂಸ್ಥಾನದೊಳಕ್ಕೆ ನಡೆಯಿತು. ಸೇನೆಯ ಕಡತದಲ್ಲಿ ಅದರ ಹೆಸರು ಆಪರೇಷನ್ ಪೋಲೊ, ಸರ್ಕಾರದ ಮಾತಿನಲ್ಲಿ ಪೊಲೀಸ್ ಕಾರ್ಯಾಚರಣೆ. ಮುಖ್ಯ ಪಡೆ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಕೈಕೆಳಗೆ ಸೊಲ್ಲಾಪುರದ ಕಡೆಯಿಂದ, ಇನ್ನೊಂದು ವಿಜಯವಾಡದ ಕಡೆಯಿಂದ ಹೊರಟಿತು. ಹೊಸಪೇಟೆಯ ಕಡೆಯ ಕಾರ್ಯಾಚರಣೆಯಲ್ಲಿ ಮೈಸೂರು ಪಡೆಯ ಯೋಧರೂ ಇದ್ದರು. ಸೆಪ್ಟೆಂಬರ್ 17ರಂದು ನಿಜಾಮ ಕದನವಿರಾಮ ಘೋಷಿಸಿದ. ಮರುದಿನ ಅವನ ಸೇನಾಪತಿ ಎಲ್ ಎದ್ರೂಸ್ ಚೌಧುರಿಯವರಿಗೆ ಶರಣಾದ.

ಐದೇ ದಿನ ಎಂದು ಹೇಳುವುದು ಸುಲಭ. ಅದರ ಮೊದಲ ದಿನವೇ ತುಂಗಭದ್ರೆಯ ಮೇಲಿನ ರೈಲು ಸೇತುವೆಯನ್ನು ಹಿಡಿಯಬೇಕಿತ್ತು. ಎದುರಿನ ಮೆಷಿನ್‌ಗನ್ ಒಂದು ಐದನೆಯ ಗೂರ್ಖಾ ರೈಫಲ್ಸ್‌ನ ತುಕಡಿಯನ್ನು ತಡೆದು ನಿಲ್ಲಿಸಿತ್ತು. ನಾಯಕ್ ನರಬಹಾದುರ್ ಥಾಪಾ ಬಯಲಿನಲ್ಲಿ ಗುಂಡಿನ ಮಳೆಗೆ ಮೈಯೊಡ್ಡಿ ಓಡಿ, ಕುಕ್ರಿಯಿಂದಲೇ ಆ ಗನ್ನಿನವರನ್ನು ಮುಗಿಸಿದರು, ಸೇತುವೆ ಉಳಿಯಿತು. ಅದೇ ದಿನ ನಳದುರ್ಗದ ಬಳಿ ಸಿಖ್ ರೆಜಿಮೆಂಟಿನ ಹವಾಲ್ದಾರ್ ಬಚಿತ್ತರ್ ಸಿಂಗ್ ಗಾಯಗೊಂಡರೂ ಹಿಂದೆಗೆಯದೆ ಎದುರಾಳಿಯ ಗನ್ ನೆಲೆಯನ್ನು ಅಡಗಿಸಿ ಪ್ರಾಣಬಿಟ್ಟರು. ಅಶೋಕ ಚಕ್ರ ಎಂಬ ಪ್ರಶಸ್ತಿ 1952ರಲ್ಲಿ ಹುಟ್ಟಿದಾಗ ಅದನ್ನು ಪಡೆದ ಮೊದಲಿಗರಲ್ಲಿ ಈ ಇಬ್ಬರೂ ಇದ್ದಾರೆ. ಒಬ್ಬರು ಗೂರ್ಖಾ, ಇನ್ನೊಬ್ಬರು ಪಂಜಾಬಿ. ಯಲಬುರ್ಗಿ, ಕುಷ್ಟಗಿಗಳ ಹೆಸರನ್ನಾದರೂ ಅವರು ಕೇಳಿದ್ದರೋ ಇಲ್ಲವೋ. ತಾವು ಕಾಣದ ಊರುಗಳಿಗಾಗಿ, ತಮಗೆ ಬಾರದ ನುಡಿಯವರಿಗಾಗಿ ಗುಂಡಿಗೆ ಎದೆಕೊಟ್ಟರು.

ಆ ಪ್ರಶಸ್ತಿಯ ನಿಯಮದಲ್ಲೇ ಒಂದು ಗಂಭೀರವಾದ ಅಂಶವಿದೆ. ಪರಮವೀರ ಚಕ್ರ ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ಸಲ್ಲುತ್ತದೆ. ಅಶೋಕ ಚಕ್ರ ಹಾಗಲ್ಲದ ಸಂದರ್ಭದ ಶೌರ್ಯಕ್ಕೆ. ಹೈದರಾಬಾದಿನಲ್ಲಿ ಎದುರಿದ್ದವರು ಪರದೇಶದ ಶತ್ರುಗಳಲ್ಲ. ನಾಳೆ ಇದೇ ದೇಶದ ಪ್ರಜೆಗಳಾಗಿ ಜೊತೆಯಲ್ಲಿ ಬಾಳಬೇಕಾದವರು. ಸ್ವಂತ ಮಣ್ಣಿನಲ್ಲಿ ಆಯುಧ ಎತ್ತುವ ಸೈನಿಕನ ಹೊಣೆ ಇಮ್ಮಡಿ ಭಾರದ್ದು ಎಂಬುದನ್ನು ಈ ಭೇದ ನೆನಪಿಸುತ್ತದೆ.

ಮರೆಯಬಾರದ ಪುಟ

ಆ ಭಾರವನ್ನು ಎಲ್ಲ ಕಡೆ ಎಲ್ಲರೂ ಹೊರಲಿಲ್ಲ. ಕದನ ನಿಂತ ಮೇಲೆ ಸಂಸ್ಥಾನದ ಹಲವು ಜಿಲ್ಲೆಗಳಲ್ಲಿ ರಜಾಕಾರರ ಮೇಲಿನ ಸೇಡು ಏನೂ ತಿಳಿಯದ ಮುಸ್ಲಿಂ ಕುಟುಂಬಗಳ ಮೇಲೆ ತಿರುಗಿತು. ಭಾರತ ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ನೇತೃತ್ವದ ತಂಡ ಊರೂರು ಸುತ್ತಿ ವರದಿ ಬರೆಯಿತು. ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತಿರಬಹುದು ಎಂಬುದು ಅದರ ಅಂದಾಜು. ಹೆಚ್ಚು ನೊಂದ ಜಿಲ್ಲೆಗಳೆಂದು ಅದು ಹೆಸರಿಸಿದ ನಾಲ್ಕರಲ್ಲಿ ಎರಡು ನಮ್ಮವೇ: ಕಲಬುರಗಿ, ಬೀದರ್. ಉಳಿದೆರಡು ಉಸ್ಮಾನಾಬಾದ್ ಮತ್ತು ನಾಂದೇಡ್. ಕೆಲವೆಡೆ ಸೈನಿಕರೂ ಲೂಟಿಯಲ್ಲಿ, ಕೊಲೆಯಲ್ಲಿ ಪಾಲುಗೊಂಡರೆಂದು ಆ ವರದಿ ಹೇಳುತ್ತದೆ. ಇನ್ನು ಕೆಲವೆಡೆ ಸೈನಿಕರು ನಿಂತು ಜನರನ್ನು ಕಾಪಾಡಿದರೆಂದೂ, ನೆರೆಮನೆಯ ಹಿಂದೂಗಳು ಮುಸ್ಲಿಮರನ್ನು ಉಳಿಸಿದರೆಂದೂ ಹೇಳುತ್ತದೆ. ವರದಿ ದಶಕಗಳ ಕಾಲ ಬೀರುವಿನಲ್ಲೇ ಇತ್ತು. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಸಾರ್ವಜನಿಕರಿಗೆ ಅದು ಓದಲು ಸಿಕ್ಕಿದ್ದು 2013ರಲ್ಲಿ.

ಇದನ್ನು ಸೆಪ್ಟೆಂಬರ್ 17ರ ವಿಮೋಚನೆಯ ದಿನ ಹೇಳಬೇಕೇ ಎಂದು ಕೇಳುವವರಿದ್ದಾರೆ. ಆ ದಿನವೇ ಹೇಳಬೇಕು ಎಂಬುದು ನನ್ನ ನಂಬಿಕೆ. ಗೋರ್ಟಾದಲ್ಲಿ ಸತ್ತವರಿಗೆ ಅಳುವ ಕಣ್ಣು ಈ ಸತ್ತವರಿಗೂ ಅಳಬೇಕು. ನರಬಹಾದುರ್ ಥಾಪಾ, ಬಚಿತ್ತರ್ ಸಿಂಗ್ ಅವರ ಮಾನ ಇದರಿಂದ ಕಡಿಮೆಯಾಗುವುದಿಲ್ಲ. ಕಾಯುವ ಕೆಲಸವನ್ನು ಪ್ರಾಣ ಒತ್ತೆಯಿಟ್ಟು ಮಾಡಿದವರು ಯಾರು, ಅದನ್ನು ಬಿಟ್ಟವರು ಯಾರು ಎಂದು ಬೇರೆ ಬೇರೆಯಾಗಿ ಕಂಡಾಗಲೇ ಕಾದವನ ದೊಡ್ಡತನ ನಿಚ್ಚಳವಾಗುತ್ತದೆ.

ಅಧಿಕಾರ ಇಳಿಸಿಟ್ಟ ದಿನ

ಗೆಲುವಿನ ನಂತರ ಚೌಧುರಿಯವರು ಹೈದರಾಬಾದಿನ ಮಿಲಿಟರಿ ಗವರ್ನರ್ ಆದರು. ಕೋಟಿಗೂ ಮಿಕ್ಕಿ ಜನರ ದೊಡ್ಡ ಸಂಸ್ಥಾನ ಒಬ್ಬ ಸೇನಾಧಿಕಾರಿಯ ಕೈಯಲ್ಲಿತ್ತು. ಜಗತ್ತಿನ ಎಷ್ಟೋ ದೇಶಗಳಲ್ಲಿ ಇಂಥ ಕೈ ಮತ್ತೆ ಸಡಿಲವಾಗಿಲ್ಲ. ಇಲ್ಲಿ ಆಯಿತು. 1949ರ ಕೊನೆಗೆ ಮಿಲಿಟರಿ ಆಡಳಿತ ಮುಗಿಯಿತು. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದ ದಿನ ಎಂ.ಕೆ. ವೆಲ್ಲೋಡಿಯವರ ನಾಗರಿಕ ಸರ್ಕಾರ ನಿಂತಿತು. 1952ರಲ್ಲಿ ಚುನಾವಣೆ ನಡೆದು ಬೂರ್ಗುಲ ರಾಮಕೃಷ್ಣರಾಯರು ಜನರಿಂದ ಆಯ್ಕೆಯಾದ ಮೊದಲ ಮುಖ್ಯಮಂತ್ರಿಯಾದರು. ಅದೇ ಚುನಾವಣೆಯಲ್ಲಿ ಮುಂಡರಗಿ ಶಿಬಿರದ ಶಿವಮೂರ್ತಿಸ್ವಾಮಿಗಳು ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದು ಲೋಕಸಭೆಗೆ ಹೋದರು. ಗಡಿಯಲ್ಲಿ ಬಂದೂಕಿನ ಶಿಬಿರ ನಡೆಸಿದವರು ಮತಪೆಟ್ಟಿಗೆಯ ಮುಂದೆ ನಿಂತು ಜನರ ಒಪ್ಪಿಗೆ ಕೇಳಿದರು. 1956ರ ನವೆಂಬರ್ 1ರಂದು ರಾಯಚೂರು, ಕಲಬುರಗಿ, ಬೀದರ್ ಸೀಮೆಗಳು ಮೈಸೂರು ರಾಜ್ಯ ಸೇರಿದಾಗ ಸೂಡಿ ಮತ್ತು ಯಲಬುರ್ಗಿ ಕೊನೆಗೂ ಒಂದೇ ರಾಜ್ಯದ ಊರುಗಳಾದವು.

ಹೈದರಾಬಾದಿನಲ್ಲಿ ಸೇನೆ ಗೆದ್ದದ್ದು 1948ರಲ್ಲಿ. ತನ್ನ ಕರ್ತವ್ಯವನ್ನು ಪೂರೈಸಿದ್ದು ಅಧಿಕಾರವನ್ನು ಇಳಿಸಿಟ್ಟಾಗ.

ಸೂಡಿಯ ಕಲ್ಲು ಹೇಳುವುದು

ಈಗ ಸೂಡಿಯೊಳಕ್ಕೆ ಬರೋಣ. ಜೋಡು ಕಳಸದ ಗುಡಿ, ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ನಾಗಕುಂಡ, ಬೃಹತ್ ಗಣಪ, ಬಸವಣ್ಣ ಇವನ್ನು ನೋಡಲು ಜನ ಬರುತ್ತಾರೆ. ಇವೆಲ್ಲ ಹುಟ್ಟಿದ ಕಾಲಕ್ಕೆ ಸೂಡಿ ಕಿಸುಕಾಡು ಎಪ್ಪತ್ತು ಎಂಬ ನಾಡಿನ ಪ್ರಮುಖ ಪಟ್ಟಣ, ನಾಣ್ಯದ ಟಂಕಸಾಲೆ ಇದ್ದ ಊರು. ಈ ನಾಡನ್ನು ಆಳಿದವಳು ಅಕ್ಕಾದೇವಿ. ಕಲ್ಯಾಣ ಚಾಲುಕ್ಯರ ಐದನೆಯ ವಿಕ್ರಮಾದಿತ್ಯ ಮತ್ತು ಇಮ್ಮಡಿ ಜಯಸಿಂಹರ ಸೋದರಿ, ಒಂದನೆಯ ಸೋಮೇಶ್ವರನ ಸೋದರತ್ತೆ, ಗುಣದಬೆಡಂಗಿ ಎಂಬ ಬಿರುದಿನವಳು. ಗೋಕಾಗೆಯ, ಅಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿ ಅವಳು ಬೀಡುಬಿಟ್ಟಿದ್ದಳೆಂದು 1047ರ ಅರಸೀಬೀದಿಯ ಶಾಸನ ಹೇಳುತ್ತದೆ. ರಣರಂಗವನ್ನು ಬಲ್ಲ ಹೆಣ್ಣುಮಗಳು.

ಅದು ಚೋಳರಿಗೂ ಚಾಲುಕ್ಯರಿಗೂ ತಲೆಮಾರುಗಳ ಕಾಲ ಯುದ್ಧ ನಡೆದ ಕಾಲ. ದಂಡು ಬಂದು ಹೋದ ಊರುಗಳ ಪಾಡು ನಮಗೆ ಗೊತ್ತು: ಬೆಳೆ ಹೋಗುತ್ತದೆ, ವ್ಯಾಪಾರ ನಿಲ್ಲುತ್ತದೆ, ಲೆಕ್ಕಪತ್ರ ಚದುರುತ್ತದೆ, ಯಾರ ಹಕ್ಕು ಯಾವುದು ಎಂದು ಹೇಳುವವರಿರುವುದಿಲ್ಲ. ಸೂಡಿಗೂ ಹಾಗೇ ಆಯಿತು. ಊರಿನ ಆಡಳಿತ ನಡೆಸುತ್ತಿದ್ದದ್ದು ಎಂಟು ಸೆಟ್ಟಿಗಳು ಮತ್ತು ಎಂಬತ್ತು ಒಕ್ಕಲುಗಳ ಸಭೆ. ಚೋಳರೊಡನೆ ನಡೆದ ಯುದ್ಧದ ಹೊಡೆತಕ್ಕೆ ಅದರ ಕಟ್ಟಳೆ ಕುಸಿದಿತ್ತು. ಅಕ್ಕಾದೇವಿ ಆ ಕಟ್ಟಳೆಯನ್ನು ಸಭೆಗೆ ಹೊಸದಾಗಿ ಮರಳಿಸಿಕೊಟ್ಟಳು ಎಂಬುದನ್ನು ಸೂಡಿಯ ಶಾಸನ ದಾಖಲಿಸಿದೆ.

ಅವಳಿಗೆ ಬೇರೆ ದಾರಿ ಇತ್ತು. ಊರು ಮುರಿದು ಬಿದ್ದಿದೆ, ಸೆಟ್ಟಿಗಳು ದುರ್ಬಲರಾಗಿದ್ದಾರೆ, ಕೈಯಲ್ಲಿ ದಂಡಿದೆ. ನೇರವಾಗಿ ತಾನೇ ಆಳಬಹುದಿತ್ತು. ಯುದ್ಧದ ತುರ್ತು ಎಂಬ ನೆಪ ಎಲ್ಲ ಕಾಲದಲ್ಲೂ ಸುಲಭವಾಗಿ ಸಿಗುತ್ತದೆ. ಅವಳು ಊರನ್ನು ಊರಿನವರ ಕೈಗೆ ಕೊಟ್ಟಳು. ಮುತ್ತಿಗೆ ಹಾಕಿದ್ದು ಅವಳ ಶೌರ್ಯ, ಸಭೆಯನ್ನು ಮತ್ತೆ ನಿಲ್ಲಿಸಿದ್ದು ಅವಳ ಧರ್ಮ. ಬೇಲಿ ಇರುವುದು ಬೆಳೆಗಾಗಿ ಎಂಬುದನ್ನು ಬಲ್ಲವಳಾಗಿದ್ದಳು. ಆ ಸಭೆಯಲ್ಲಿ ಎಲ್ಲರಿಗೂ ಜಾಗವಿರಲಿಲ್ಲ ಎಂಬುದು ನಿಜ. ಹಣವುಳ್ಳವರ, ಮನೆತನವುಳ್ಳವರ ಸಭೆ ಅದು. ಆದರೂ ಕತ್ತಿ ಸಭೆಗೆ ಬಾಗಬೇಕು ಎಂಬ ತತ್ವ ಈ ಮಣ್ಣಿಗೆ ಹೊರಗಿನಿಂದ ಬಂದದ್ದಲ್ಲ ಎನ್ನಲು ಈ ಕಲ್ಲು ಸಾಕ್ಷಿ.

ಸೈನಿಕ ಬಿಟ್ಟುಕೊಡುವುದು

1949ರ ಜನವರಿ 15ರಂದು ಕೊಡಗಿನ ಕೆ.ಎಂ. ಕಾರಿಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವೇ ಇಂದಿನ ಸೇನಾ ದಿನ. ಸೇನೆ ರಾಜಕೀಯದಿಂದ ದೂರವಿರಬೇಕು ಎಂಬುದನ್ನು ಅವರು ಬಿಗಿಯಾಗಿ ನಡೆಸಿಕೊಂಡು ಬಂದರು. ಆ ನಡೆಗೆ ಸಂವಿಧಾನದ ಬುನಾದಿಯಿದೆ. 53ನೇ ವಿಧಿಯಂತೆ ರಕ್ಷಣಾ ಪಡೆಗಳ ಪರಮಾಧಿಕಾರ ರಾಷ್ಟ್ರಪತಿಯದು, ಅದನ್ನು ಚಲಾಯಿಸಬೇಕಾದ್ದು ಕಾನೂನಿನಂತೆ. 33ನೇ ವಿಧಿ ಇನ್ನೊಂದು ಮಾತು ಹೇಳುತ್ತದೆ: ಸಶಸ್ತ್ರ ಪಡೆಗಳವರ ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕುಗೊಳಿಸಬಹುದು. ಸಂಘ ಕಟ್ಟುವ, ಸಭೆ ನಡೆಸುವ, ಪತ್ರಿಕೆಯ ಮುಂದೆ ಮಾತಾಡುವ ಸ್ವಾತಂತ್ರ್ಯ ನನಗಿರುವಷ್ಟು ಸೈನಿಕನಿಗಿಲ್ಲ. ಈ ಲೇಖನ ಬರೆಯುವ ನನ್ನ ಹಕ್ಕನ್ನು ಕಾಯಲು ಅವನು ತನ್ನ ಹಕ್ಕಿನ ಒಂದು ಪಾಲನ್ನು ಬಿಟ್ಟುಕೊಟ್ಟಿದ್ದಾನೆ. ಅವನು ಕೊಡುವ ಪ್ರಾಣದ ಮಾತನ್ನು ನಾವು ಆಡುತ್ತೇವೆ. ಅದಕ್ಕೂ ಮೊದಲು, ಸೇರಿದ ದಿನದಿಂದಲೇ, ಅವನು ಬಿಟ್ಟುಕೊಡುವ ಇದನ್ನು ನೆನೆಯುವುದು ಅಪರೂಪ.

ಪ್ರಾಣದ ಬೆಲೆಯೂ ಈ ಎರೆಸೀಮೆಗೆ ಗೊತ್ತಿಲ್ಲದ್ದಲ್ಲ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19 ಸಾವಿರ ಅಡಿಗೂ ಎತ್ತರದಲ್ಲಿ ಹಿಮದಡಿ ಸಿಲುಕಿದರು. ಮದ್ರಾಸ್ ರೆಜಿಮೆಂಟಿನ ಹತ್ತು ಜನರಲ್ಲಿ ಅವರೊಬ್ಬರು ಮಾತ್ರ ಆರನೆಯ ದಿನ ಜೀವಂತವಾಗಿ ಸಿಕ್ಕಿದರು. ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಅಲ್ಲಿ ಎದುರಿಗೆ ಬಂದೂಕು ಹಿಡಿದವರಿರಲಿಲ್ಲ. ನಿಲ್ಲು ಎಂದಲ್ಲಿ ನಿಲ್ಲುವುದು, ಬಿಟ್ಟು ಬಾ ಎನ್ನುವ ತನಕ ಬಿಡದಿರುವುದು, ಅಷ್ಟೇ ಕೆಲಸ. ಸೈನಿಕ ಜೀವನದ ಹೆಚ್ಚು ಪಾಲು ಈ ಸದ್ದಿಲ್ಲದ ಕಾವಲು.

ನೆನೆಯುವ ಬಗೆ

ಮಡಿದವರನ್ನು ನೆನೆಯುವುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಈ ನಾಡಿನ ಊರೂರಿನಲ್ಲೂ ಸಿಗುವ ವೀರಗಲ್ಲುಗಳಲ್ಲಿ ಬಹುಪಾಲು ರಾಜರವಲ್ಲ. ತುರುಗೋಳಿನಲ್ಲಿ ದನ ಬಿಡಿಸಲು ಹೋಗಿ, ಊರಳಿವಿನಲ್ಲಿ ಊರು ಕಾಯಲು ನಿಂತು ಸತ್ತ ಸಾಮಾನ್ಯರವು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ನೋಟ, ಮೇಲೆ ಶಿವನ ಸನ್ನಿಧಿ. ಕಲ್ಲು ನೆಟ್ಟು ಕೈತೊಳೆದುಕೊಳ್ಳುತ್ತಿರಲಿಲ್ಲ. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಹೊಲ ಬಿಡುತ್ತಿದ್ದರು. ಗೌರವದ ಜೊತೆಗೆ ಅನ್ನವನ್ನೂ ಕೊಡುವುದು ನಮ್ಮ ಪದ್ಧತಿ.

ಅದೇ ಪದ್ಧತಿಯ ಇಂದಿನ ರೂಪಗಳು ನಮ್ಮ ಮುಂದಿವೆ. 1949ರಿಂದ ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಆ ದಿನದ ನಿಧಿ ಮಾಜಿ ಸೈನಿಕರಿಗೂ, ಮಡಿದವರ ಮಡದಿ ಮಕ್ಕಳಿಗೂ ಸಲ್ಲುತ್ತದೆ. ಶಾಲೆಯಲ್ಲಿ ಪುಟ್ಟ ಧ್ವಜ ಎದೆಗೆ ಚುಚ್ಚಿಕೊಂಡು ನಾಲ್ಕು ಕಾಸು ಹಾಕುವುದಕ್ಕಷ್ಟೇ ಅದು ನಿಲ್ಲಬಾರದು. ಊರಿಗೆ ಮರಳಿದ ಮಾಜಿ ಸೈನಿಕನ ಪಿಂಚಣಿ ಕಾಗದ, ಆತನ ಜಮೀನಿನ ಖಾತೆ, ಮಗಳ ಓದು, ಇವುಗಳಲ್ಲಿ ಒಂದಕ್ಕಾದರೂ ಊರು ಹೆಗಲು ಕೊಟ್ಟರೆ ಅದು ನೆತ್ತರುಗೊಡಗೆಗೆ ಸಮ.

ಸೂಡಿಯಂಥ ಗಡಿಸೀಮೆಯ ಊರುಗಳು ಆಗಸ್ಟ್ 15ರಷ್ಟೇ ಮನಸ್ಸಿಟ್ಟು ಸೆಪ್ಟೆಂಬರ್ 17ನ್ನೂ ಆಚರಿಸಬೇಕು. ಇದು ಆಚೆಯವರ ಹಬ್ಬ ಎಂದು ಬಿಡುವಂತಿಲ್ಲ. ಅವರ ಬಿಡುಗಡೆಗೆ ದುಡಿದ ಶಿಬಿರ ನಮ್ಮ ಗಜೇಂದ್ರಗಡದಲ್ಲೇ ಇತ್ತು. ಆ ದಿನ ಶಾಲೆಯ ಮಕ್ಕಳನ್ನು ಶಾಸನಗಳ ಮುಂದೆ ನಿಲ್ಲಿಸಿ ಅಕ್ಕಾದೇವಿ ಊರಿಗೆ ಏನು ಕೊಟ್ಟಳೆಂದು ಓದಿ ಹೇಳಬೇಕು. ಗೋರ್ಟಾದ ಕಥೆಯನ್ನೂ, ಆಮೇಲೆ ನೊಂದವರ ಕಥೆಯನ್ನೂ ಬಚ್ಚಿಡದೆ ಹೇಳಬೇಕು.

ಆಗಸ್ಟ್ 15ರಂದು ಹಳ್ಳಿಗಳಲ್ಲಿ ಗ್ರಾಮಸಭೆ ಸೇರಿಸುವ ವಾಡಿಕೆಯಿದೆ. ಧ್ವಜ ವಂದನೆಗೆ ಸೇರಿದ ಜನ ಗ್ರಾಮಸಭೆಯ ಹೊತ್ತಿಗೆ ಕರಗಿ ಹೋಗುವುದನ್ನು ಎಷ್ಟೋ ಕಡೆ ನೋಡುತ್ತೇವೆ. ನನಗೆ ಅದರಷ್ಟು ನೋವು ಕೊಡುವುದು ಬೇರೆ ಇಲ್ಲ. ಎಂಟು ಸೆಟ್ಟಿ, ಎಂಬತ್ತು ಒಕ್ಕಲಿನ ಸಭೆಗೆ ಬಾಗಿಲಾಚೆಯೇ ನಿಂತವರ ಮೊಮ್ಮಕ್ಕಳಿಗೆ ಇಂದು ಗ್ರಾಮಸಭೆಯಲ್ಲಿ ಮಾತಿದೆ, ಮತವಿದೆ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಶಿಬಿರದ ಹುಡುಗರು ರಾತ್ರಿ ಗಡಿ ದಾಟಿದ್ದು, ನರಬಹಾದುರ್ ಥಾಪಾ ಬಯಲಿನಲ್ಲಿ ಓಡಿದ್ದು, ಹನುಮಂತಪ್ಪ ಹಿಮದಲ್ಲಿ ನಿಂತದ್ದು ಇಂಥ ಒಂದು ಸಭೆ ನಿರ್ಭಯವಾಗಿ ಸೇರಲಿ ಎಂದು. ಕುಡಿಯುವ ನೀರಿನ ಲೆಕ್ಕ ಕೇಳುವುದು, ಸಾಲಿಯ ಮಾಡು ಯಾಕೆ ಸೋರುತ್ತದೆ ಎಂದು ಕೇಳುವುದು, ಬಡವಿಯ ಅರ್ಜಿ ಎಲ್ಲಿ ನಿಂತಿದೆ ಎಂದು ಕೇಳುವುದು, ಇವೂ ದೇಶ ಕಾಯುವ ಕೆಲಸಗಳೇ. ಸೇನೆ ತನ್ನ ಪಾಲನ್ನು ಮಾಡಿ, ಗೆದ್ದದ್ದನ್ನು ನಮ್ಮ ಕೈಗೆ ಒಪ್ಪಿಸಿದೆ. ಈ ಆಗಸ್ಟ್ 15ರಂದು ಧ್ವಜಕ್ಕೆ ವಂದನೆ ಮುಗಿದ ಮೇಲೆ ಯಾರೂ ಮನೆಗೆ ಹೋಗಬೇಡಿ, ಗ್ರಾಮಸಭೆಯಲ್ಲಿ ಕೂಡೋಣ.